ಮದ್ದುಸೊಪ್ಪಿನ ಕಡ್ಡಿ ಬೇರು ಬಿಡಬೇಕಾದರೆ

ಕೊಡವರ ಮಳೆಗಾಲದ ತಿಂಗಳು ಕಕ್ಕಡದ 18, ಅಂದರೆ ಆಗಸ್ಟ್ 3ರ ಹೊತ್ತಿಗೆ ಮಡಿಕೇರಿ, ವಿರಾಜಪೇಟೆ ಕಡೆ ಮದ್ದುಸೊಪ್ಪಿನ ಕಟ್ಟುಗಳು ಮಾರಾಟಕ್ಕೆ ಬರುತ್ತವೆ. ಬೆಂಗಳೂರಿನ ನೆಂಟರು ಎರಡು ಕಟ್ಟು ಜಾಸ್ತಿಯೇ ಒಯ್ಯುತ್ತಾರೆ. ಆ ಸೊಪ್ಪಿನ ರಸದ ಪಾಯಸ ಉಂಡು, ಉಳಿದ ಕಡ್ಡಿಯನ್ನು ಬಾಲ್ಕನಿಯ ಕುಂಡಕ್ಕೆ ಚುಚ್ಚುತ್ತಾರೆ. ಹದಿನೈದು ದಿನಕ್ಕೆ ಫೋನು: "ಚಿಕ್ಕಮ್ಮಾ, ಈ ಸಲಾನೂ ಕಪ್ಪಾಗಿ ಹೋಯ್ತು." ಮೂರು ವರ್ಷದಿಂದ ಇದೇ ಕಥೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಕೊಡವರಿಗೆ ಇದು ಮದ್ದ್ ತೊಪ್ಪ್, ಅರೆಭಾಷೆಯವರಿಗೆ ಆಟಿ ಸೊಪ್ಪು, ಸಸ್ಯಶಾಸ್ತ್ರದವರಿಗೆ ಜಸ್ಟಿಸಿಯಾ ವೈನಾಡೆನ್ಸಿಸ್. ಆಡುಸೋಗೆಯ ಬಳಗದ್ದು. ಪಶ್ಚಿಮ ಘಟ್ಟದ ಕಾಡಿನಲ್ಲಿ, ಕಾಫಿ ತೋಟದ ಅಂಚಿನಲ್ಲಿ, ನೆರಳು ತೇವ ಇದ್ದ ಕಡೆ ಬೆಳೆಯುವ ಗಿಡ. ಬಾಲ್ಕನಿಯ ಬಿಸಿಲಿಗೆ ಇಟ್ಟರೆ ಹೇಗೆ ಬದುಕೀತು?

ಮೊದಲು ಕಡ್ಡಿ ಆರಿಸಿ. ಎಳೆ ತುದಿ ಬೇಡ, ಕೊಳೆಯುತ್ತದೆ. ನಡುವಿನ ಪೆನ್ಸಿಲ್ ದಪ್ಪದ ಭಾಗ ತೆಗೆದುಕೊಳ್ಳಿ. ಒಂದು ಗೇಣು ಉದ್ದ, ಮೂರು ಗಣ್ಣು ಇರಬೇಕು. ಗಣ್ಣು ಅಂದರೆ ಎಲೆಯ ಜೋಡಿ ಹುಟ್ಟುವ ಉಬ್ಬು. ಬೇರು ಬರುವುದು ಅಲ್ಲಿಂದ. ಕೆಳಗಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲ್ತುದಿಯನ್ನು ನೇರವಾಗಿ. ಆಗ ಬುಡ ಯಾವುದು ಅಂತ ಗೊಂದಲ ಇಲ್ಲ. ನಾನೇ ಒಮ್ಮೆ ಹತ್ತು ಕಡ್ಡಿಗಳನ್ನು ತಲೆಕೆಳಗಾಗಿ ನೆಟ್ಟು ದಿನಾ ನೀರು ಹಾಕಿದ್ದೆ! ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದನ್ನು ಪಾಯಸಕ್ಕೆ ಕೀಳಿ. ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ. ಬೇರೇ ಇಲ್ಲದ ಕಡ್ಡಿ ಅಷ್ಟು ಎಲೆಗೆ ನೀರು ಎಲ್ಲಿಂದ ತರಬೇಕು?

ತೋಟದ ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿ ಕವರಿಗೆ ತುಂಬಿ. ತಳಕ್ಕೆ ತೂತು ಇರಲಿ. ಕಡ್ಡಿಯನ್ನು ಸೀದಾ ಚುಚ್ಚಬೇಡಿ, ಸಿಪ್ಪೆ ಸುಲಿಯುತ್ತದೆ. ಬೇರೆ ಕೋಲಿನಿಂದ ಗುಳಿ ಮಾಡಿ, ಎರಡು ಗಣ್ಣು ಒಳಗೆ ಹೋಗುವಂತೆ ಇಳಿಸಿ, ಸುತ್ತ ಮಣ್ಣು ಒತ್ತಿ.

ಇನ್ನು ನೀರು. ಜಾಸ್ತಿ ಕಡ್ಡಿ ಸಾಯುವುದು ಇಲ್ಲೇ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಕಕ್ಕಡದ ಮಳೆಗೆ ಕವರುಗಳನ್ನು ಅಂಗಳದಲ್ಲಿ ಬಿಡಬೇಡಿ, ಸೂರಿನ ನೀರು ಬೀಳುವ ಕಡೆಯಂತೂ ಬೇಡವೇ ಬೇಡ. ಜಗಲಿಯ ಒಳಬದಿ ಸಾಕು. ಕೆಲವು ದಿನಕ್ಕೆ ಚಿಗುರು ಕಾಣುತ್ತದೆ. ಅದನ್ನು ನಂಬಬೇಡಿ, ಅದು ಕಡ್ಡಿಯಲ್ಲಿದ್ದ ಕಸುವಿನ ಚಿಗುರು. ಬೇರು ಬಂತಾ ಅಂತ ಎಳೆದು ನೋಡುವವರ ಗಿಡ ಬದುಕುವುದಿಲ್ಲ. ಎರಡು ತಿಂಗಳು ಸುಮ್ನೆ ಬಿಡಿ. ಬೇರು ಬರಿಸುವ ಪುಡಿಗೆ ದುಡ್ಡು ಹಾಕಬೇಡಿ. ನಾನು ತಂದು ನೋಡಿದೆ, ಪುಡಿ ಹಚ್ಚಿದ್ದೂ ಹಚ್ಚದ್ದೂ ಒಂದೇ ಥರ ಬಂದವು.

ಆಮೇಲೆ ಮರದ ನೆರಳಲ್ಲಿ ನೆಡಿ, ಬುಡಕ್ಕೆ ತರಗೆಲೆ ಹಾಸಿ. ಅಷ್ಟೇ.

ಕೊಯ್ಯುವುದು ಕಕ್ಕಡ 18ಕ್ಕೇ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ಹಿರಿಯರ ನಂಬಿಕೆ. ನನಗಂತೂ ಅದರ ಘಮ ಸಾಕು. ಎಲೆ, ಎಳೆ ಕಡ್ಡಿ ಎರಡನ್ನೂ ಮುಳುಗುವಷ್ಟು ನೀರಲ್ಲಿ ಕುದಿಸಿ, ರಾತ್ರಿಯಿಡೀ ಮುಚ್ಚಿಟ್ಟು ಬೆಳಗ್ಗೆ ಸೋಸಿ. ಕಡು ನೇರಳೆ ರಸ ಸಿಗುತ್ತದೆ. ಮಿಕ್ಸಿಗೆ ಹಾಕಿದರೆ ಬರೀ ಹಸಿರು ವಾಸನೆ. ಬಾಟಲಿಯಲ್ಲಿ ಸಿಗುವ ರಸ ಮುಚ್ಚಳ ತೆಗೆದಾಗ ಘಮ್ಮೆನ್ನದಿದ್ದರೆ ವಾಪಸ್ ಕೊಡಿ. ಈ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿದರೆ ಪಾಯಸ. ಮೇಲೆ ತುಪ್ಪ, ಜೇನು. ಏಲಕ್ಕಿ ಹಾಕಬೇಡಿ, ಸೊಪ್ಪಿನ ಘಮವನ್ನೇ ನುಂಗುತ್ತದೆ.

ಉಂಡ ಮೇಲೆ ಮೂತ್ರ ಕೆಂಪಗಾಗುತ್ತದೆ. ಅದು ಸೊಪ್ಪಿನ ಬಣ್ಣ. ಮೊದಲ ಸಲ ಉಣ್ಣುವ ನೆಂಟರಿಗೆ ಊಟಕ್ಕೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಬೆಳ್ಳಂಬೆಳಗ್ಗೆ ಇನ್ನೊಂದು ಫೋನು ಬರುತ್ತದೆ.