ಇಸಿಎಂ ಹೋಗಿದೆ ಅನ್ನುವ ಮೊದಲು ಒಂದು ಬಲ್ಬು ಹಚ್ಚಿ ನೋಡಿ

ಕಳೆದ ಮಳೆಗಾಲದಲ್ಲಿ ಜಗಳೂರು ಕಡೆಯ ರೈತರೊಬ್ಬರು ತಮ್ಮ ಡೀಸೆಲ್ ಕಾರನ್ನು ಎಳೆಸಿಕೊಂಡು ದಾವಣಗೆರೆಯ ಪಿ.ಬಿ. ರಸ್ತೆ ಹತ್ತಿರದ ನಮ್ಮ ಶೆಡ್ಡಿಗೆ ಬಂದರು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಗಾಡಿಯ ದೋಷ ಓದುವ ಸ್ಕ್ಯಾನರ್ ಹಾಕಿದರೆ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ಮಾತೇ ಆಡುವುದಿಲ್ಲ. "ಕಂಪ್ಯೂಟರೇ ಹೋಗೈತಂತೆ ಕಣಪ್ಪಾ. ನಲವತ್ತು ಸಾವಿರ ಆಗ್ತದೆ ಅಂದ್ರು. ಮೆಕ್ಕೆಜೋಳ ಮಾರಿದ ದುಡ್ಡೆಲ್ಲ ಅದಕ್ಕೇ ಹಾಕಬೇಕು" ಅಂದರು. "ಯಜಮಾನ್ರೇ, ಒಂದು ಗಂಟೆ ಕೂತ್ಕೊಳ್ಳಿ, ನೋಡೋಣ" ಅಂದೆ.

ಇಸಿಎಂನ ಕಪ್ಲರ್ (ವೈರುಗಳು ಸೇರುವ ಪ್ಲಗ್) ಬಿಚ್ಚಿ, ಸಪ್ಲೈ ಪಿನ್ನಿಗೂ ಅರ್ತ್ ಪಿನ್ನಿಗೂ ಮಲ್ಟಿಮೀಟರ್ ಹಿಡಿದೆ. 12.5 ವೋಲ್ಟ್. ಇಲ್ಲಿಗೆ ನಿಲ್ಲಿಸಿದವರು "ಕರೆಂಟ್ ಬರ್ತಾ ಇದೆ, ಅರ್ತ್ ಇದೆ, ಹಾಗಾದರೆ ಪೆಟ್ಟಿಗೆಯೇ ಹೋಗಿದೆ" ಅನ್ನುತ್ತಾರೆ. ನಾನು ಅದೇ ಎರಡು ಪಿನ್ನುಗಳಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬು ಕೊಟ್ಟೆ. ಹತ್ತಲಿಲ್ಲ. ಬಲ್ಬಿನ ಅರ್ತ್ ವೈರನ್ನು ಕಪ್ಲರಿನಿಂದ ತೆಗೆದು ನೇರ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದೆ. ಬೆಳ್ಳಗೆ ಉರಿಯಿತು. ಅಂದರೆ ಸಪ್ಲೈ ಚೆನ್ನಾಗಿದೆ, ಅರ್ತ್ ಸತ್ತಿದೆ. ಮೀಟರಿಗೆ ಬೇಕಾದ ಕರೆಂಟ್ ಕೂದಲೆಳೆಯಷ್ಟು, ಒಂದೇ ಎಳೆ ತಂತಿ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಲೋಡು ಬಿದ್ದಾಗಲೇ ವೈರಿನ ಬಂಡವಾಳ ಗೊತ್ತಾಗುವುದು.

ಬ್ಯಾಟರಿ ಟ್ರೇ ಎತ್ತಿದರೆ ಅಲ್ಲೇ ಸಿಕ್ಕಿತು. ಇಲಿ ಕಡಿದ ವೈರು. ಮೇಲಿನ ಪ್ಲಾಸ್ಟಿಕ್ ಹೋಗಿ, ಎರಡು ತಾಮ್ರದ ಎಳೆ ಮಾತ್ರ ಉಳಿದು, ಅವೂ ಹಸಿರು ಕಿಲುಬು ಹಿಡಿದಿದ್ದವು. ಗಾಡಿ ನಿಲ್ಲಿಸುತ್ತಿದ್ದದ್ದು ಮೆಕ್ಕೆಜೋಳದ ಚೀಲಗಳ ಪಕ್ಕದಲ್ಲಿ. ನಮ್ಮ ಕಡೆ ಗೋದಾಮು, ಮಂಡಕ್ಕಿ ಭಟ್ಟಿ, ರೈಸ್ ಮಿಲ್ ಹತ್ತಿರ ನಿಲ್ಲುವ ಗಾಡಿಗಳಲ್ಲಿ ಇದು ಮಾಮೂಲಿ. ಹಾಳಾದಷ್ಟು ವೈರು ಕತ್ತರಿಸಿ, ಹೊಸ ತುಂಡು ಬೆಸುಗೆ ಹಾಕಿ, ಸ್ಲೀವ್ ಏರಿಸಿದೆ. ಮೊದಲನೇ ಸೆಲ್ಫಿಗೇ ಸ್ಟಾರ್ಟ್ ಆಯಿತು.

ಅದಕ್ಕೇ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಬ್ಯಾಟರಿ. ಗಾಡಿ ಬಂದ್ ಇದ್ದಾಗ 12.4 ವೋಲ್ಟಿಗಿಂತ ಜಾಸ್ತಿ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸರಿ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ವೋಲ್ಟೇಜ್ ಕಮ್ಮಿಯಾದರೆ ಒಳ್ಳೆಯ ಇಸಿಎಂ ಕೂಡ ಸುಮ್ನೆ ಇಲ್ಲದ ದೋಷದ ಕೋಡ್ ತೋರಿಸುತ್ತದೆ.

ಆಮೇಲೆ ಕೀ ಆನ್ ಮಾಡಿ ಮೀಟರ್ ಬೋರ್ಡ್ ನೋಡಿ. ಚೆಕ್ ಎಂಜಿನ್ ಲೈಟು ಹತ್ತಲೇ ಇಲ್ಲವೇ? ಹಾಗಾದರೆ ಇಸಿಎಂ ಎದ್ದೇ ಇಲ್ಲದಿರಬಹುದು. ಫ್ಯೂಸು, ಇಸಿಎಂಗೆ ಕರೆಂಟ್ ಬಿಡುವ ಮೇನ್ ರಿಲೇ ಎರಡನ್ನೂ ಬಲ್ಬು ಹಚ್ಚಿ ನೋಡಿ. ಸ್ಕ್ಯಾನರೇ ಆನ್ ಆಗದಿದ್ದರೆ ಅದನ್ನು ಸಿಕ್ಕಿಸುವ ಸಾಕೆಟ್ ನೋಡಿ: 16ನೇ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜ್, 4 ಮತ್ತು 5ರಲ್ಲಿ ಅರ್ತ್ ಇರಬೇಕು. ಏರ್‌ಬ್ಯಾಗ್, ಎಬಿಎಸ್ ಎಲ್ಲ ಮಾತಾಡಿ ಇಸಿಎಂ ಒಂದೇ ಸುಮ್ಮನಿದ್ದು, ಉಳಿದವು ಯು0100 ಕೋಡ್ (ಇಸಿಎಂ ಜೊತೆ ಸಂಪರ್ಕ ಇಲ್ಲ) ಕೊಡುತ್ತಿದ್ದರೆ ಇಸಿಎಂನ ಸಪ್ಲೈ, ಅರ್ತ್, ಕ್ಯಾನ್ ವೈರು (ಪೆಟ್ಟಿಗೆಗಳು ಒಂದಕ್ಕೊಂದು ಮಾತಾಡುವ ಜೋಡಿ ವೈರು) ಹುಡುಕಿ. ಬ್ಯಾಟರಿ ಬಿಚ್ಚಿಟ್ಟು ಅದೇ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಲೈನಿನ ಒಂದು ತುದಿ ಎಲ್ಲೋ ಕಡಿದಿದೆ.

ಜಾಸ್ತಿ ಜನ ಎಡವುವುದು 5 ವೋಲ್ಟ್ ಲೈನಿನಲ್ಲಿ. ಇಸಿಎಂ ತನ್ನೊಳಗಿನಿಂದ ಸೆನ್ಸರುಗಳಿಗೆ 5 ವೋಲ್ಟ್ ಕಳಿಸುತ್ತದೆ. ಒಂದೇ ಲೈನಿನಲ್ಲಿ ಮೂರ್ನಾಲ್ಕು ಸೆನ್ಸರ್ ಇರುತ್ತವೆ. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ ಆ ಲೈನಿನ ಎಲ್ಲವೂ ಸಾಯುತ್ತವೆ. ಸ್ಕ್ಯಾನರಿನಲ್ಲಿ ಏಳೆಂಟು ಕೋಡ್ ಒಟ್ಟಿಗೆ ಬರುತ್ತವೆ. ನೋಡಿದವರಿಗೆ ಕಂಪ್ಯೂಟರ್ ಹೋದ ಹಾಗೇ ಕಾಣುತ್ತದೆ, ಅಲ್ವಾ? ಒಂದು ಸೆನ್ಸರಿನ ಕಪ್ಲರಿನಲ್ಲಿ 5 ವೋಲ್ಟ್ ವೈರಿಗೆ ಮೀಟರ್ ಸಿಕ್ಕಿಸಿಟ್ಟು, ಉಳಿದ ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಮೀಟರ್ ಟಕ್ ಅಂತ 5ಕ್ಕೆ ಏರುತ್ತದೋ ಅದೇ ಕಳ್ಳ. ಎಲ್ಲ ಬಿಚ್ಚಿದರೂ ಏರಲಿಲ್ಲ, ವೈರು ಬಾಡಿಯ ಕಬ್ಬಿಣಕ್ಕೆ ತಾಗಿಲ್ಲ, ಸಪ್ಲೈ ಮತ್ತು ಅರ್ತ್ ಬಲ್ಬಿನಲ್ಲಿ ಪಾಸಾಗಿವೆ ಅಂದರೆ ಆಗ ಪೆಟ್ಟಿಗೆಯ ಮೇಲೆ ಅನುಮಾನ ಪಡಿ. ಇಸಿಎಂ ಒಳಗಿನ ದೋಷ ಹೇಳುವ ಪಿ0601, ಪಿ0606 ಕೋಡ್ ಅಳಿಸಿದ ಮೇಲೂ ಮತ್ತೆ ಮತ್ತೆ ಬಂದರೂ ಅಷ್ಟೇ.

ಇಸಿಎಂ ಬದಲಾಯಿಸುವ ಮೊದಲು ಹಳೆಯದು ಯಾಕೆ ಸತ್ತಿತು ಅಂತ ಹುಡುಕಿ. ಇದನ್ನು ಬಿಟ್ಟರೆ ಹೊಸದೂ ಸುಡುತ್ತದೆ. ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಅಥವಾ ಇಂಧನ ಚಿಮ್ಮಿಸುವ ಇಂಜೆಕ್ಟರ್ ಶಾರ್ಟ್ ಆಗಿದೆಯಾ? ಆಲ್ಟರ್ನೇಟರ್ 15 ವೋಲ್ಟಿಗಿಂತ ಜಾಸ್ತಿ ತಳ್ಳುತ್ತಿದೆಯಾ? ಯಾರಾದರೂ ಜಂಪ್ ಕೇಬಲ್ ಉಲ್ಟಾ ಕೊಟ್ಟರಾ? ಬ್ಯಾಟರಿ ಬಿಚ್ಚದೆ ಬಂಪರ್ ಗಾರ್ಡಿಗೆ ವೆಲ್ಡಿಂಗ್ ಮಾಡಿಸಿದರಾ? ಗಾಡಿಯವರನ್ನು ಸಮಾಧಾನವಾಗಿ ಕೇಳಿ, ಬೈದರೆ ಯಾರೂ ನಿಜ ಹೇಳುವುದಿಲ್ಲ.

ಹೊಸದು ತರುವಾಗ ಲೇಬಲ್ಲಿನ ಮೇಲಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ನೋಡಲು ಒಂದೇ ಥರ ಇದ್ದರೆ ಸಾಲದು. ಗುಜರಿಯಿಂದ ತಂದ ಇಸಿಎಂ ಬೇರೆ ಗಾಡಿಯ ಕೀ ಜೊತೆ ಜೋಡಿಯಾಗಿರುತ್ತದೆ. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಓಡಲು ಬಿಡದ ಕಳ್ಳತನ ತಡೆ) ಇರುವ ಗಾಡಿಯಲ್ಲಿ ಅದನ್ನು ಹಾಗೇ ಹಾಕಿದರೆ ಸ್ಟಾರ್ಟ್ ಆಗುವುದಿಲ್ಲ, ಅಥವಾ ಸ್ಟಾರ್ಟ್ ಆಗಿ ಕೂಡಲೇ ನಿಲ್ಲುತ್ತದೆ. ಹಳೆಯದು ಇನ್ನೂ ಮಾತಾಡುತ್ತಿದ್ದರೆ ಬಿಚ್ಚುವ ಮೊದಲೇ ಅದರಲ್ಲಿನ ಚಾಸಿ ನಂಬರ್, ಸಾಫ್ಟ್‌ವೇರ್ ನಂಬರ್, ಇಂಜೆಕ್ಟರ್ ಕೋಡ್ (ಪ್ರತಿ ಇಂಜೆಕ್ಟರಿನ ಅಳತೆ ಹೇಳುವ ಕೋಡ್) ಓದಿ ಇಟ್ಟುಕೊಳ್ಳಿ. ಮಾತಾಡದಿದ್ದರೆ, ಕಾಮನ್ ರೈಲ್ ಡೀಸೆಲ್ ಗಾಡಿಗಳಲ್ಲಿ ಇಂಜೆಕ್ಟರಿನ ತಲೆಯ ಮೇಲೇ ಕೋಡ್ ಕೊರೆದಿರುತ್ತಾರೆ. ಬಟ್ಟೆಯಲ್ಲಿ ಒರೆಸಿ ಒಂದೊಂದರ ಫೋಟೋ ತೆಗೆಯಿರಿ. ಯಾವುದು ಎಷ್ಟನೇ ಸಿಲಿಂಡರ್ ಅಂತಲೂ ಬರೆದಿಡಿ.

ಬಿಚ್ಚುವ ಕೆಲಸ ದೊಡ್ಡದಲ್ಲ. ಕೀ ತೆಗೆದು ಹತ್ತು ನಿಮಿಷ ಬಿಡಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಬಾಡಿಯ ಕಬ್ಬಿಣವನ್ನು ಒಮ್ಮೆ ಮುಟ್ಟಿ, ಆಮೇಲೆ ಕಪ್ಲರಿನ ಲಿವರ್ ಎತ್ತಿ. ಪಿನ್ನುಗಳಿಗೆ ಬೆರಳು ತಾಗಿಸಬೇಡಿ. ಕಪ್ಲರ್ ಒಳಗೆ ನೀರಿನ ಕಲೆಯೋ ಬಗ್ಗಿದ ಪಿನ್ನೋ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಹೊಸದನ್ನು ಕೂರಿಸುವಾಗ ಕಪ್ಲರ್ ಸಲೀಸಾಗಿ ಕೂರಬೇಕು, ಗುದ್ದಿ ಕೂರಿಸಬೇಡಿ.

ಪ್ರೋಗ್ರಾಮಿಂಗ್ ಮತ್ತು ಕೀ ಜೋಡಿಸುವ ಕೆಲಸಕ್ಕೆ ಆ ಗಾಡಿಗೆ ಸರಿಯಾದ ಸ್ಕ್ಯಾನರ್ ಇರುವವರ ಹತ್ತಿರವೇ ಹೋಗಿ. ಆರ್‌ಸಿ ಮತ್ತು ಇರುವ ಎಲ್ಲ ಕೀಗಳೂ ಜೊತೆಗಿರಲಿ. ಆ ಹೊತ್ತಿನಲ್ಲಿ ಬ್ಯಾಟರಿಗೆ ಸ್ಥಿರವಾಗಿ ವೋಲ್ಟೇಜ್ ಕೊಡುವ ಚಾರ್ಜರ್ ಕಟ್ಟಿರಬೇಕು. ಅರ್ಧಕ್ಕೆ ವೋಲ್ಟೇಜ್ ಬಿದ್ದರೆ ಹೊಸ ಪೆಟ್ಟಿಗೆಯೂ ಅಲ್ಲೇ ಸಾಯಬಹುದು. ಮುಗಿದ ಮೇಲೆ ಇಂಜೆಕ್ಟರ್ ಕೋಡ್ ತುಂಬಿಸಿ, ಪೆಟ್ರೋಲ್ ಗಾಡಿಯಾದರೆ ಥ್ರಾಟಲ್‌ನ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನ) ಸ್ಥಾನವನ್ನು ಇಸಿಎಂಗೆ ಕಲಿಸಿ, ಕೋಡ್ ಎಲ್ಲ ಅಳಿಸಿ.

ನಾನು ಆಮೇಲೆ ಗಾಡಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹರಿಹರದ ತುಂಗಭದ್ರಾ ಸೇತುವೆವರೆಗೆ ಹೋಗಿ ಬರುತ್ತೇನೆ. ಎಸಿ ಹಾಕಿ, ಹೆಡ್‌ಲೈಟ್ ಹಾಕಿ, ಎಂಜಿನ್ ಪೂರ್ತಿ ಬಿಸಿಯಾಗುವ ಹಾಗೆ. ವಾಪಸ್ ಬಂದು, ಎಂಜಿನ್ ತಣ್ಣಗಾಗುವ ಮೊದಲೇ ಇನ್ನೊಮ್ಮೆ ಸ್ಕ್ಯಾನ್ ಮಾಡುತ್ತೇನೆ. ಪೆಂಡಿಂಗ್ ಕೋಡ್ (ಇನ್ನೂ ಖಚಿತವಾಗದ ದೋಷದ ಕೋಡ್) ಒಂದೂ ಇಲ್ಲದಿದ್ದರೆ ಹಳೆಯ ಇಸಿಎಂ ಅನ್ನು ಅದರ ಡಬ್ಬಿಯಲ್ಲಿಟ್ಟು ಅವರ ಕೈಗೇ ಕೊಡುತ್ತೇನೆ.