ಕಾರಿಗೆ ಪಿಕಪ್ ಇಲ್ಲ ಅಂತ ಟರ್ಬೋ ಬಿಚ್ಚಿಸುವ ಮೊದಲು

ಕ್ಯಾತ್ಸಂದ್ರ ಟೋಲ್ ದಾಟಿ ಆಕ್ಸಿಲರೇಟರ್ ಒತ್ತಿದರೆ ನನ್ನ ಕಾರು ಒಂದು, ಎರಡು, ಮೂರು ಅಂತ ಎಣಿಸುವಷ್ಟು ಹೊತ್ತು ಯೋಚನೆ ಮಾಡಿ ಆಮೇಲೆ ಹೊರಡುತ್ತಿತ್ತು. 2014ರ ಗಾಡಿ, 1.3 ಲೀಟರ್ ಡೀಸೆಲ್, 1 ಲಕ್ಷ 20 ಸಾವಿರ ಕಿಲೋಮೀಟರ್ ಓಡಿದೆ. ದಿನಾ ತುಮಕೂರಿಂದ ಡಾಬಸ್‌ಪೇಟೆಗೆ ಹೋಗಿ ಬರುವವನು ನಾನು. ಲಾರಿ ಓವರ್‌ಟೇಕ್ ಮಾಡೋಣ ಅಂತ ಬಲಕ್ಕೆ ಬಂದಾಗ ಗಾಡಿ ಎಳೆಯದೆ ನಿಂತರೆ, ಹಿಂದಿಂದ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದರೆ, ಎದೆ ಧಸಕ್ ಅನ್ನುತ್ತದೆ ಅಲ್ವಾ?

ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿ ಐದು ನಿಮಿಷವೂ ಆಗಿರಲಿಲ್ಲ, 'ಟರ್ಬೋ ಹೋಗಿದೆ ಸಾರ್, 38 ಸಾವಿರ ಆಗುತ್ತೆ' ಅಂದರು. (ಟರ್ಬೋ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು.) ಹೇಗೆ ಗೊತ್ತಾಯಿತು ಅಂದರೆ 'ಪಿಕಪ್ ಇಲ್ಲವಲ್ಲ' ಅಂತ ಉತ್ತರ. ಪಿಕಪ್ ಇಲ್ಲ ಅಂತ ನಾನೇ ತಾನೆ ಅವರಿಗೆ ಹೇಳಿದ್ದು! ಗಾಡಿ ವಾಪಸ್ ತಂದೆ.

ಮೊದಲು ಖರ್ಚಿಲ್ಲದ ಪರೀಕ್ಷೆ. ನಾಲ್ಕನೇ ಗೇರಿನಲ್ಲಿ ಜೋರಾಗಿ ಒತ್ತಿದಾಗ ಆರ್‌ಪಿಎಂ ಮುಳ್ಳು ಮೇಲೆ ಹೋಗಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ. ನನ್ನದರಲ್ಲಿ ಎರಡೂ ಏರಲಿಲ್ಲ. ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದೆ, ಯಾವುದೂ ವಿಪರೀತ ಬಿಸಿ ಇರಲಿಲ್ಲ. ಏರ್ ಫಿಲ್ಟರ್ ತೆಗೆದು ನೋಡಿದರೆ ಪರವಾಗಿಲ್ಲ. ಡೀಸೆಲ್ ಫಿಲ್ಟರ್ ಸುಮ್ನೆ ಬದಲಾಯಿಸಿದೆ, ಅದು ದಂಡ.

ಸುಳಿವು ಸಿಕ್ಕಿದ್ದು ಹೊಗೆಯಲ್ಲಿ. ಒತ್ತಿದಾಗ ಹಿಂದೆ ಕಪ್ಪು ಹೊಗೆ ಬರುತ್ತಿತ್ತು. ನೀಲಿ ಹೊಗೆ ಬಂದಿದ್ದರೆ, ಇಂಜಿನ್ ಆಯಿಲ್ ಕಮ್ಮಿಯಾಗುತ್ತಿದ್ದರೆ ಟರ್ಬೋ ಮೇಲೆ ಅನುಮಾನ ಪಡಬಹುದಿತ್ತು. ಕಪ್ಪು ಅಂದರೆ ಡೀಸೆಲ್ ಹೋಗುತ್ತಿದೆ, ಅದಕ್ಕೆ ತಕ್ಕಷ್ಟು ಗಾಳಿ ಹೋಗುತ್ತಿಲ್ಲ. ಜೊತೆಗೆ ಕಿಟಕಿ ಇಳಿಸಿ ಓಡಿಸಿದರೆ ಸುಯ್ ಅನ್ನುವ ಶಬ್ದ, ಅದೂ 2000 ಆರ್‌ಪಿಎಂ ದಾಟಿದ ಮೇಲೆ ಮಾತ್ರ.

ಕಾರಿನ ಸೆನ್ಸರ್‌ಗಳನ್ನು ಓದುವ, ಸಾವಿರ ರೂಪಾಯಿ ಒಳಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ತಂದು ಫೋನಿಗೆ ಕನೆಕ್ಟ್ ಮಾಡಿದೆ. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿದಾಗ ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 92 ಕಿಲೋಪ್ಯಾಸ್ಕಲ್ ತೋರಿಸಿತು. ಸಮುದ್ರ ಮಟ್ಟದಲ್ಲಾದರೆ 101ರ ಆಸುಪಾಸು ಇರಬೇಕು, ನಮ್ಮ ತುಮಕೂರು 800 ಮೀಟರಿಗಿಂತ ಎತ್ತರದಲ್ಲಿದೆ, ಹಾಗಾಗಿ 92 ಸರಿಯೇ. ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಅಂತ ಖಾತ್ರಿಯಾಯಿತು. ಆಮೇಲೆ ಭಾವಮೈದುನನ ಕೈಗೆ ಫೋನ್ ಕೊಟ್ಟು ಹೈವೇಗೆ ಹೋದೆ. ಮೂರನೇ ಗೇರು, ಪೂರ್ತಿ ಆಕ್ಸಿಲರೇಟರ್. 'ಭಾವ, 135ಕ್ಕೇ ನಿಂತುಬಿಡ್ತು' ಅಂದ. ಟರ್ಬೋ ಇರುವ ಡೀಸೆಲ್ ಗಾಡಿಗೆ ಇದು ತೀರಾ ಕಮ್ಮಿ. ಟರ್ಬೋ ತಳ್ಳುತ್ತಿಲ್ಲ, ಇಲ್ಲವೇ ತಳ್ಳಿದ್ದು ದಾರಿಯಲ್ಲೇ ಸೋರುತ್ತಿದೆ.

ಸೋರಿಕೆ ಹುಡುಕುವುದಕ್ಕೆ ಪಂಕ್ಚರ್ ಅಂಗಡಿಯ ಬುದ್ಧಿಯೇ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಟರ್ಬೋ ಪೈಪಿನ ಬಾಯಿಗೆ ಹೊಂದುವ ಪಿವಿಸಿ ಎಂಡ್ ಕ್ಯಾಪ್ ತಗೊಂಡು, ಅದಕ್ಕೆ ತೂತು ಕೊರೆದು, ಹಳೇ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದೆ. ಬಟವಾಡಿಯ ಪಂಕ್ಚರ್ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ತಣ್ಣಗಾಗುವ ತನಕ ಕಾದು, ಟರ್ಬೋಯಿಂದ ಪೈಪ್ ಕಳಚಿ ಅದರ ಬಾಯಿಗೆ ಈ ಕ್ಯಾಪ್ ಸಿಕ್ಕಿಸಿ ಕ್ಲಾಂಪ್ ಬಿಗಿ ಮಾಡಿದೆ. ಮೊದಲ ಸಲ ಅಂಗಡಿಯ ಅಣ್ಣ ಟೈರಿಗೆ ಹೊಡೆಯುವ ಹಾಗೆ ಗಾಳಿ ಹೊಡೆದ, ಕ್ಯಾಪ್ ಪಟಾರ್ ಅಂತ ಹಾರಿ ಫ್ಯಾನಿನ ಕವರಿಗೆ ಬಡಿಯಿತು. ಮುಖ ಅಲ್ಲಿರಲಿಲ್ಲ, ಪುಣ್ಯ. 10 ಪಿಎಸ್‌ಐ ಸಾಕು ಇದಕ್ಕೆ, ನಿಧಾನಕ್ಕೆ ಬಿಡಬೇಕು, ಎದುರಿಗೆ ನಿಲ್ಲಬಾರದು.

ಎರಡನೇ ಸಲ ಸರಿಯಾಗಿ ಕೂತಿತು. ಸೋಪು ನೀರು ಸಿಂಪಡಿಸುತ್ತಾ ಬಂದೆವು. ಮೇಲೆ ಕಾಣುವ ಪೈಪಿನಲ್ಲಿ ಏನೂ ಇಲ್ಲ. ಇಂಟರ್‌ಕೂಲರ್ (ಟರ್ಬೋ ಒತ್ತಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಹತ್ತಿರದ ರಬ್ಬರ್ ಪೈಪಿನ ಅಡಿಯಲ್ಲಿ, ಮಡಿಕೆ ಒಳಗೆ, ಬುರುಬುರು ಗುಳ್ಳೆ! ಎರಡು ಇಂಚಿನ ಬಿರುಕು. ಗಾಳಿ ನಿಲ್ಲಿಸಿದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಬಿಟ್ಟರೆ ತೆರೆಯುತ್ತದೆ. ಅದಕ್ಕೇ ನಿಂತ ಗಾಡಿಯಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ. ಆ ಜಾಗದಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿ ಕಪ್ಪು ಗೆರೆಯಾಗಿತ್ತು. ಟರ್ಬೋ ಪೈಪಿನ ಒಳಗೆ ಸ್ವಲ್ಪ ಎಣ್ಣೆ ಪಸೆ ಇರುವುದು ಮಾಮೂಲಿ, ಆದರೆ ಹೊರಗೆ ಒಂದೇ ಕಡೆ ಹೀಗೆ ಕಟ್ಟಿದ್ದರೆ ಅಲ್ಲೇ ಕೈಯಾಡಿಸಿ ನೋಡಿ.

ಟೇಪ್ ಸುತ್ತಿ ಮನೆಗೆ ಬಂದೆ. ಎರಡೇ ದಿನಕ್ಕೆ ಬಿಸಿಗೂ ಎಣ್ಣೆಗೂ ಬಿಚ್ಚಿಕೊಂಡಿತು. ಹೊಸ ಪೈಪ್ 1,900 ರೂಪಾಯಿ, ಕ್ಲಾಂಪ್ ಎರಡು ಬೇರೆ. ಬಂಪರ್ ಸಡಿಲಿಸಿ ಹಾಕಲು ಒಂದೂವರೆ ಗಂಟೆ ಹಿಡಿಯಿತು, ಬೆರಳ ಗೆಣ್ಣು ತರಚಿದ್ದು ಉಚಿತ.

ಮತ್ತೆ ಅದೇ ರಸ್ತೆ, ಅದೇ ಮೂರನೇ ಗೇರು. ಈ ಸಲ ಒತ್ತಡ 200 ದಾಟಿತು. ಭಾವಮೈದುನ ಫೋನ್ ನೋಡುವುದು ಬಿಟ್ಟು ಬಾಗಿಲ ಹಿಡಿ ಹಿಡಿದುಕೊಂಡಿದ್ದ. ದೇವರಾಯನದುರ್ಗದ ಏರಿನಲ್ಲಿ ಮೊದಲನೇ ಗೇರಿಗೆ ಇಳಿಯುತ್ತಿದ್ದ ತಿರುವನ್ನು ಈಗ ಎರಡರಲ್ಲೇ ಹತ್ತುತ್ತದೆ.

ಅಂದ ಹಾಗೆ, ಪೆಡಲಿಗೆ ಸಿಕ್ಕಿಸುವ ಡಬ್ಬಿ ಹಾಕಿಸು, ಪಿಕಪ್ ಬರುತ್ತೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದ್ದರು. ಅದು ಸ್ವಲ್ಪ ಒತ್ತಿದ್ದನ್ನೇ ಜಾಸ್ತಿ ಒತ್ತಿದ ಹಾಗೆ ಇಂಜಿನ್ನಿಗೆ ಹೇಳುತ್ತದೆ ಅಷ್ಟೇ. ನನ್ನ ಗಾಡಿಗೆ ಹಾಕಿದ್ದರೆ ಹೊಗೆ ಬೇಗ ಬರುತ್ತಿತ್ತು.

ಕೆಳಗಿನ ಗೇರಿನಲ್ಲಿ ಹೊರಡುವಾಗ ಇನ್ನೂ ಒಂಚೂರು ಮಂಕು ಇದೆ. ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿರಬೇಕು. ಮುಂದಿನ ಭಾನುವಾರ ಅದನ್ನು ಬಿಚ್ಚುತ್ತೇನೆ.