ಫೆಬ್ರವರಿ ಮಳೆಯ ವಾರ, ಕಣದ ತುಂಬ ಕಾಫಿ

ಶ್ರೀಲಂಕಾದ ಹತ್ತಿರ ವಾಯುಭಾರ ಕುಸಿದಿದೆ ಎಂಬ ಸುದ್ದಿ ಫೆಬ್ರವರಿಯಲ್ಲಿ ಕಿವಿಗೆ ಬಿದ್ದರೆ, ಅದು ತಮಿಳುನಾಡಿನವರ ಪಾಡು ಎಂದು ಸುಮ್ಮನಿರಬೇಡಿ. ಆ ಕಡೆಯಿಂದ ಬರುವ ತೇವದ ಮೂಡಣ ಗಾಳಿ ಒಂದೆರಡು ದಿನಗಳಲ್ಲಿ ನಮ್ಮ ಘಟ್ಟವನ್ನೂ ಮುಟ್ಟಬಹುದು. ಕೊಡಗಿಗೆ ಇದು ಒಣ ತಿಂಗಳು. ರೊಬಸ್ಟಾ ಜಾತಿಯ ಕಾಫಿಯ ಕೊಯ್ಲು ಇನ್ನೂ ಮುಗಿದಿರುವುದಿಲ್ಲ, ಕಣದಲ್ಲಿ ಕಾಫಿ, ಅಂಗಳದಲ್ಲಿ ಮೆಣಸು, ಸೌದೆಯೆಲ್ಲ ಬಯಲಿನಲ್ಲಿ. ಹೊಸದಾಗಿ ತೋಟದ ಮನೆಯ ಜವಾಬ್ದಾರಿ ಹೊತ್ತವರಿಗೆ ಕಷ್ಟವಾಗುವುದು ಇಂಥ ವಾರದಲ್ಲೇ.

ಮುನ್ಸೂಚನೆ ನೋಡುವಾಗ ಮಳೆ ಇದೆಯೋ ಇಲ್ಲವೋ ಎಂಬುದಷ್ಟೇ ಸಾಲದು, ಎಷ್ಟು ಎಂದು ನೋಡಿ. ಹವಾಮಾನ ಇಲಾಖೆಯವರು ಹಗುರ ಮಳೆ ಎಂದರೆ ದಿನಕ್ಕೆ 2.5ರಿಂದ 15.5 ಮಿಲಿಮೀಟರ್, ಸಾಧಾರಣ ಎಂದರೆ 15.6ರಿಂದ 64.4. ನಮ್ಮ ತೋಟಗಳ ಲೆಕ್ಕ ಇಂಚು, ಸೆಂಟಿನದು: 25.4 ಮಿಲಿಮೀಟರಿಗೆ ಒಂದು ಇಂಚು, ಅಂದರೆ ನೂರು ಸೆಂಟ್. ಹಗುರ ಮಳೆ ಎಂದರೆ ಹೆಚ್ಚೆಂದರೆ ಅರವತ್ತು ಸೆಂಟ್. ಕಾಫಿ ಗಿಡ ಹೂ ಬಿಡಲು ಅದು ಸಾಲದು, ಕಣ ಕೆಡಿಸಲು ಮಾತ್ರ ಧಾರಾಳ. ಇನ್ನು ಜಿಲ್ಲೆಗೆಲ್ಲ ಸೇರಿಸಿ ಹೇಳಿದ ಮಾತು ಭಾಗಮಂಡಲಕ್ಕೂ ಕುಶಾಲನಗರಕ್ಕೂ ಒಂದೇ ರೀತಿ ಹೊಂದುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗಿ ಬರುವ ಮಳೆಯಂತೂ ಒಂದು ತೋಟ ನೆನೆಸಿ ಪಕ್ಕದ್ದನ್ನು ಬಿಟ್ಟು ಹೋಗುತ್ತದೆ. ಅದಕ್ಕೇ ಮನೆಗೊಂದು ಮಳೆ ಮಾಪಕ ಇರಲಿ. ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದಿಡಿ, ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ.

ಈಗ ಕಣದ ವಿಷಯ. ಒಂದು ಸಲ ನೆಂದ ಕಾಫಿಗಿಂತ ಟಾರ್ಪಾಲಿನಡಿ ಬೆವೆತ ಕಾಫಿ ಹೆಚ್ಚು ಹಾಳಾಗುತ್ತದೆ. ಮೋಡ ಕಂಡೊಡನೆ ಗಾಬರಿಯಲ್ಲಿ, ಬಿಸಿಲಿಗೆ ಕಾದ ಕಾಫಿಯನ್ನು ಹಾಗೇ ರಾಶಿ ಮಾಡಿ ಪ್ಲಾಸ್ಟಿಕ್ ಬಿಗಿದುಬಿಡುತ್ತಾರೆ. ಒಳಗಿನ ಬಿಸಿಗೆ ತೇವ ಮೇಲೆದ್ದು, ಹಾಳೆಗೆ ತಾಗಿ, ಮತ್ತೆ ಕಾಳಿನ ಮೇಲೇ ತೊಟ್ಟಿಕ್ಕುತ್ತದೆ. ಮರುದಿನ ಕೈ ಹಾಕಿದರೆ ಬೆಚ್ಚಗೆ, ಮುಗ್ಗಲು ವಾಸನೆ. ಆ ವಾಸನೆ ಹಿಡಿದ ಕಾಫಿಯನ್ನು ಎಷ್ಟು ಒಣಗಿಸಿದರೂ ಲೋಟದಲ್ಲಿ ಅದು ಸಿಕ್ಕೇ ಸಿಗುತ್ತದೆ. ಹಾಗಾಗಿ ಮಳೆಯ ಸೂಚನೆ ಇರುವ ದಿನ ಮೂರು ಗಂಟೆಯ ಹೊತ್ತಿಗೇ ಕಾಫಿಯನ್ನು ಎಳೆದು ಉದ್ದುದ್ದ ಸಾಲು ಮಾಡಿ, ಸ್ವಲ್ಪ ಆರಲು ಬಿಡಿ. ಸಾಲು ಕಣದ ಇಳಿಜಾರಿನ ದಿಕ್ಕಿಗೇ ಇರಲಿ. ಅಡ್ಡ ಹಾಕಿದರೆ ನೀರು ಸಾಲಿಗೆ ತಡೆದು ಅಡಿಯಿಂದ ನುಗ್ಗುತ್ತದೆ. ನಡುವೆ ಬಿದಿರಿನ ಗಳ ನಿಲ್ಲಿಸಿ ಹಾಳೆಯನ್ನು ಕಾಳಿಗೆ ತಾಗದಂತೆ ಎತ್ತಿ ಕಟ್ಟಿ, ಎರಡು ತುದಿಗಳಲ್ಲಿ ಗಾಳಿಯಾಡಲು ಜಾಗ ಬಿಡಿ. ಬೆಳಿಗ್ಗೆ ಮಳೆ ನಿಂತ ಕೂಡಲೇ, ಬಿಸಿಲು ಬರಲಿ ಎಂದು ಕಾಯದೆ ಹಾಳೆ ತೆಗೆಯಿರಿ. ಕಣ ಒಣಗಿದ ಮೇಲೆ ತೆಳ್ಳಗೆ ಹರಡಿ ಗಂಟೆಗೊಮ್ಮೆ ಕೈಯಾಡಿಸಿ.

ಹಣ್ಣನ್ನು ಹಾಗೇ ಒಣಗಿಸುವ ಚೆರ್ರಿ ಒಂದು ಸಣ್ಣ ಹನಿಯನ್ನು ತಡೆದುಕೊಂಡೀತು, ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸುವ ಪಾರ್ಚ್‌ಮೆಂಟ್ ತಡೆಯುವುದಿಲ್ಲ. ಜಾಗ ಕಡಿಮೆ ಇದ್ದರೆ ಮೊದಲು ಅದನ್ನೇ ಒಳಗೆ ತನ್ನಿ. ಅರ್ಧ ಒಣಗಿದ್ದನ್ನು ಚೀಲಕ್ಕೆ ತುಂಬಬೇಡಿ, ಜಗಲಿಯಲ್ಲೋ ಹಜಾರದಲ್ಲೋ ಚಾಪೆಯ ಮೇಲೆ ಹರಡಿ. ಮನೆ ನಡೆದಾಡಲು ಇಕ್ಕಟ್ಟಾದರೂ ಪರವಾಗಿಲ್ಲ. ಚೆರ್ರಿ ಒಣಗಿದೆಯೋ ಎಂದು ತಿಳಿಯಲು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಕುಲುಕಿ, ಗಲಗಲ ಎನ್ನಬೇಕು. ತೇವ ಅಳೆಯುವ ಮೀಟರ್ ಇದ್ದವರು ಪಾರ್ಚ್‌ಮೆಂಟ್ 10, ರೊಬಸ್ಟಾ ಚೆರ್ರಿ 11, ಅರೇಬಿಕಾ ಚೆರ್ರಿ 12 ಶೇಕಡಾ ತೇವಕ್ಕೆ ಬರುವವರೆಗೆ ಚೀಲ ಹೊಲಿಯಬಾರದು.

ಮೆಣಸಿಗೆ ನನ್ನ ಸಲಹೆ ಸುಲಭದ್ದು: ಆ ವಾರ ಕೊಯ್ಯಬೇಡಿ. ಬಳ್ಳಿಯಲ್ಲಿ ನಾಲ್ಕು ದಿನ ಹೆಚ್ಚು ಇದ್ದರೆ ನಷ್ಟವಿಲ್ಲ, ಒದ್ದೆ ಮರಕ್ಕೆ ಏಣಿ ಇಟ್ಟು ಹತ್ತಿಸುವುದು ಮಾತ್ರ ಯಾರ ಜೀವಕ್ಕೂ ಒಳ್ಳೆಯದಲ್ಲ. ಕೊಯ್ದದ್ದಾಗಿದ್ದರೆ ಗೊಂಚಲಿನಿಂದ ಬಿಡಿಸಿ, ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ಬೇಗ ಒಣಗುತ್ತದೆ, ಬಣ್ಣವೂ ಒಂದೇ ಸಮ ಕಪ್ಪಾಗುತ್ತದೆ. ಎರಡು ದಿನಕ್ಕಾಗುವಷ್ಟು ಸೌದೆ ಒಳಗಿರಲಿ, ಟ್ಯಾಂಕ್ ಮೊದಲೇ ತುಂಬಿಸಿ. ಗುಡುಗು ಶುರುವಾದ ಮೇಲೆ ಪಂಪಿನ ಹತ್ತಿರ ಯಾರನ್ನೂ ಕಳಿಸಬೇಡಿ.

ಇದೇ ಮಳೆ ಒಂದು ಇಂಚು ದಾಟಿದರೆ ರೊಬಸ್ಟಾಗೆ ಹೂಮಳೆಯಾಯಿತು. ಎಂಟು ಹತ್ತು ದಿನಗಳಲ್ಲಿ ತೋಟ ಬೆಳ್ಳಗಾಗುತ್ತದೆ. ಐವತ್ತು ಸೆಂಟಿಗೇ ನಿಂತರೆ ಮೊಗ್ಗು ಅರ್ಧಕ್ಕೆ ಕೂರುತ್ತದೆ, ಆಗ ತಡಮಾಡದೆ ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ತುಂಬಿಸಿ. ಗಿಡದಲ್ಲಿ ಹಣ್ಣು ಉಳಿದಿದ್ದರೆ ಹೂ ಬಿರಿಯುವ ಮೊದಲೇ ಆಳುಗಳನ್ನು ಹೊಂದಿಸಿಕೊಂಡು ಕೊಯ್ದು ಮುಗಿಸಿ. ಆಗಲಿಲ್ಲವೇ, ಹೂ ಬಾಡುವವರೆಗೆ ಗಿಡ ಮುಟ್ಟಬೇಡಿ, ಮುಂದಿನ ವರ್ಷದ ಫಸಲು ಆ ಹೂವಿನಲ್ಲಿದೆ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಪಕ್ಕದ ಗಿಡದಿಂದ ಗಾಳಿಯೋ ಜೇನೋ ತರಬೇಕು. ಅಷ್ಟು ದಿನ ತೋಟದಲ್ಲಿ ಯಾವ ಔಷಧಿಯನ್ನೂ ಹೊಡೆಯಬೇಡಿ.